ಚಿನ್ನ ತಿಂದರೆ ಕ್ಯಾನ್ಸರ್ ಹೋಗುತ್ತದೆಯೇ?

ತುಮಕೂರಿನ ಮನೆಯೊಂದರಲ್ಲಿ ಯಾರಿಗೋ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ನೋಡಲು ಬಂದ ನೆಂಟರು ಹೇಳುತ್ತಾರೆ: “ಸ್ವರ್ಣಭಸ್ಮ ಕೊಡಿಸಿ, ಗಡ್ಡೆ ಕರಗುತ್ತದಂತೆ. ವಿಜ್ಞಾನಿಗಳೂ ಈಗ ಚಿನ್ನದಿಂದಲೇ ಔಷಧ ಮಾಡ್ತಿದ್ದಾರಂತೆ.” ಕಳಕಳಿಯಿಂದ ಆಡಿದ ಮಾತೇ. ವಿಜ್ಞಾನಿಗಳ ಸುದ್ದಿಯೂ ನಿಜ. ಆದರೆ ಅವರು ಮಾಡುತ್ತಿರುವುದು ಭಸ್ಮವನ್ನಲ್ಲ. ಭಸ್ಮದಿಂದ ಕ್ಯಾನ್ಸರ್ ಗುಣವಾಗುತ್ತದೆ ಎನ್ನಲು ಪುರಾವೆಯೂ ಇಲ್ಲ.

ಒಡವೆಯ ಚಿನ್ನ ಯಾವುದರೊಂದಿಗೂ ಸುಲಭವಾಗಿ ರಾಸಾಯನಿಕ ಕ್ರಿಯೆ ನಡೆಸದು. ಅದಕ್ಕೇ ತುಕ್ಕು ಹಿಡಿಯದು. ಔಷಧವಾಗಬೇಕಾದರೆ ಅದು ಅಯಾನಾಗಿ, ಇಂಗಾಲ, ಗಂಧಕ, ರಂಜಕಗಳಿರುವ ಅಣುವಿಗೆ ಕಟ್ಟಿಕೊಂಡು ಸಂಯುಕ್ತವಾಗಬೇಕು. ಔರನೋಫಿನ್ ಅಂಥ ಸಂಯುಕ್ತ. 1985ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ರುಮಟಾಯ್ಡ್ ಸಂಧಿವಾತಕ್ಕೆ. ಥಯೊರೆಡಾಕ್ಸಿನ್ ರಿಡಕ್ಟೇಸ್ ಎಂಬ ಕಿಣ್ವದಲ್ಲಿರುವ ಸೆಲೆನಿಯಮ್‌ಗೆ ಅದರ ಚಿನ್ನ ಗಟ್ಟಿಯಾಗಿ ಅಂಟಿಕೊಂಡು ಕಿಣ್ವದ ಕೆಲಸ ನಿಲ್ಲಿಸುತ್ತದೆ. ಅನೇಕ ಕ್ಯಾನ್ಸರ್ ಕೋಶಗಳು ಬದುಕಲು ಈ ಕಿಣ್ವವನ್ನೇ ನೆಚ್ಚಿಕೊಂಡಿರುತ್ತವೆ. ಸಂಶೋಧಕರ ಕಣ್ಣು ಇತ್ತ ಬಿದ್ದದ್ದು ಹೀಗೆ. ರೋಗಿಗಳ ಮೇಲೆ ಟ್ರಯಲ್‌ಗಳೂ ನಡೆದಿವೆ, ಆದರೆ ಕ್ಯಾನ್ಸರ್ ಔಷಧವೆಂಬ ಒಪ್ಪಿಗೆ ಔರನೋಫಿನ್‌ಗೆ ಇನ್ನೂ ಸಿಕ್ಕಿಲ್ಲ.

ಕ್ಯಾನ್ಸರ್‌ಗೆ ಬೆಳ್ಳಿಯ ಸಂಯುಕ್ತಗಳನ್ನೂ ಪರೀಕ್ಷಿಸುತ್ತಿದ್ದಾರೆ, ಆದರೆ ಬೆಳ್ಳಿಯ ತೊಡಕು ಬೇರೆ. ಬೆಳ್ಳಿಯ ಅಯಾನು ರಕ್ತದ ಕ್ಲೋರೈಡ್ ಜತೆ ಸೇರಿ ಕರಗದ ಸಿಲ್ವರ್ ಕ್ಲೋರೈಡ್ ಆಗಿಬಿಡುತ್ತದೆ. ಅದನ್ನು ತಡೆಯಲು ಕಾರ್ಬೀನ್ ಎಂಬ ಇಂಗಾಲದ ಅಣುವಿಗೆ ಬೆಳ್ಳಿಯನ್ನು ಕಟ್ಟುತ್ತಾರೆ. ರಸಾಯನವಿಜ್ಞಾನಿ ಸಿದ್ದಪ್ಪ ಪಾಟೀಲ್ ಮತ್ತು ಡಬ್ಲಿನ್‌ನ ಮಥಿಯಾಸ್ ಟಾಕೆ ತಂಡ ಇಂಥ ಸಂಯುಕ್ತಗಳ ಪರೀಕ್ಷೆಯನ್ನು 2011ರಲ್ಲಿ ಪ್ರಕಟಿಸಿತು. ಪಾಟೀಲರು ಮುಂದೆ ಜೈನ್ ವಿಶ್ವವಿದ್ಯಾಲಯದ ಕನಕಪುರ ಕಡೆಯ ಕ್ಯಾಂಪಸ್‌ನಲ್ಲಿ ಈ ಕೆಲಸ ಮುಂದುವರಿಸಿದರು. ಕುಣಿಗಲ್‌ಗೆ ಅದೇನು ಬಹಳ ದೂರವಲ್ಲ! ಇದನ್ನು ಕೇಳಿ ಬೆಳ್ಳಿಯ ಕಣ ಬೆರೆಸಿದ ನೀರು ಕುಡಿಯಲು ಹೊರಡಬೇಡಿ. ಹಾಗೆ ಕುಡಿದವರ ಚರ್ಮ ಶಾಶ್ವತವಾಗಿ ನೀಲಿಬೂದು ಬಣ್ಣಕ್ಕೆ ತಿರುಗಿದ್ದುಂಟು.

“ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶ ಸತ್ತವು” ಎಂಬ ಸುದ್ದಿಯನ್ನೂ ನಿಧಾನವಾಗಿ ಓದಬೇಕು. ಸತ್ತದ್ದು ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಬೆಳೆಸಿದ ಕೋಶ. ಆರೋಗ್ಯವಂತ ಕೋಶ ಉಳಿಯಿತೇ, ಮೂತ್ರಪಿಂಡ ತಾಳಿತೇ ಎಂಬುದಕ್ಕೆ ಉತ್ತರ ಸಿಗುವಷ್ಟರಲ್ಲಿ ವರ್ಷಗಟ್ಟಲೆ ಕಳೆಯುತ್ತದೆ, ಬಹುತೇಕ ಅಣುಗಳು ಅಲ್ಲೇ ಬಿದ್ದುಹೋಗುತ್ತವೆ.

ಇದರ ಎದುರಿಗೆ “ಲೋಹ ಎಂದರೆ ವಿಷ, ಕೀಮೋ ಬೇಡ” ಎಂಬ ಮಾತೂ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ ಇದೇ. ಸಿಸ್‌ಪ್ಲಾಟಿನ್ ಪ್ಲಾಟಿನಂ ಸಂಯುಕ್ತ. 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೂತ್ರಪಿಂಡಕ್ಕೆ, ಕಿವಿಗೆ ತೊಂದರೆ ಕೊಡಬಲ್ಲದು, ನಿಜ. ಆದರೂ ವೃಷಣದ ಕ್ಯಾನ್ಸರ್‌ನಿಂದ ಅಸಂಖ್ಯ ಯುವಕರನ್ನು ಬದುಕಿಸಿದ್ದು ಅದೇ. ಬಾಯಿ, ಗಂಟಲಿನ ಕ್ಯಾನ್ಸರ್‌ಗೂ ರೇಡಿಯೇಷನ್ ಜತೆಗೆ ಅದನ್ನು ಕೊಡುತ್ತಾರೆ.

ತಂಬಾಕು, ಅಡಿಕೆ ಜಗಿಯುವ ನಮ್ಮ ಕಡೆ ಬಾಯಿ ಕ್ಯಾನ್ಸರ್ ದೂರದ ಮಾತಲ್ಲ. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ತೋರಿಸಿ. ಈಗಾಗಲೇ ಭಸ್ಮ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ.