ಹಚ್ಚೆಯ ಕೆಂಪು: ಯಾವಾಗ ಬಂತು, ಯಾವ ಬಣ್ಣದಲ್ಲಿ ಬಂತು?

ಟ್ಯಾಟೂ ಹಾಕಿಸಿಕೊಂಡ ಜಾಗ ಕೆಂಪಾಗಿ ಊದಿದರೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಗಾಯ ತಾನೇ, ಮಾಯುತ್ತದೆ ಎಂದು ಸುಮ್ಮನಿರುತ್ತಾರೆ. ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ಮುಲಾಮು ತಂದು ಹಚ್ಚುತ್ತಾರೆ. ಎರಡೂ ಕೆಲವೊಮ್ಮೆ ಸರಿಹೋಗುವುದೇ ತೊಂದರೆಯ ಮೂಲ. ನೋಡಲು ಒಂದೇ ಥರವಿರುವ ಈ ಕೆಂಪು ಮಾಯುತ್ತಿರುವ ಗಾಯದ್ದಿರಬಹುದು, ಸೋಂಕಿನದಿರಬಹುದು, ಅಲರ್ಜಿಯದೂ ಇರಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಬೆಳೆಸುತ್ತದೆ. ಇವನ್ನು ಬೇರೆ ಮಾಡಿ ನೋಡಲು ಎರಡು ಪ್ರಶ್ನೆಗಳು ಬಹಳ ಮಟ್ಟಿಗೆ ನೆರವಾಗುತ್ತವೆ: ಕೆಂಪು ಎಷ್ಟು ದಿನಕ್ಕೆ ಬಂತು, ಚಿತ್ರದ ಯಾವ ಬಣ್ಣದಲ್ಲಿ ಬಂತು?

ಟ್ಯಾಟೂ ಸೂಜಿ ಮೇಲ್ಚರ್ಮವನ್ನು ದಾಟಿ ಒಂದೆರಡು ಮಿಲಿಮೀಟರ್ ಆಳದಲ್ಲಿ, ಒಳಚರ್ಮದಲ್ಲಿ ಶಾಯಿ ಬಿಡುತ್ತದೆ. ಅಲ್ಲಿನ ರೋಗನಿರೋಧಕ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುವುದರಿಂದಲೇ ಚಿತ್ರ ಅಳಿಯದೆ ಉಳಿಯುತ್ತದೆ. ಇಷ್ಟು ಸೂಜಿ ಚುಚ್ಚಿದ ಮೇಲೆ ಕೆಲವು ದಿನ ಉರಿ, ಊತ, ಆಮೇಲೆ ತುರಿಕೆ, ಹೊಪ್ಪಳೆ ಏಳುವುದು ಸಹಜ. ಸಹಜವಾದದ್ದು ದಿನೇದಿನೇ ಇಳಿಯುತ್ತದೆ. ಇಳಿಯಬೇಕಾದ ನೋವು ಏರತೊಡಗಿದರೆ, ಕೆಂಪು ಚಿತ್ರದ ಗೆರೆ ದಾಟಿ ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಅದು ಸೋಂಕು. ಇದಕ್ಕೆ ಹೆಚ್ಚಾಗಿ ಕಾರಣ ಚರ್ಮದ ಮೇಲೆಯೇ ವಾಸಿಸುವ ಸ್ಟ್ಯಾಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ. ಬೇಗ ವೈದ್ಯರ ಬಳಿ ಹೋದರೆ ಸರಿಯಾದ ಆಂಟಿಬಯಾಟಿಕ್‌ನಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಆದರೆ ಎಲ್ಲ ಸೋಂಕೂ ಇಷ್ಟು ಬೇಗ ಗುರುತು ಕೊಡುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 2011ರ ಕೊನೆಗೆ ಒಬ್ಬನೇ ಕಲಾವಿದನ ಬಳಿ ಟ್ಯಾಟೂ ಹಾಕಿಸಿಕೊಂಡ 19 ಮಂದಿಗೆ, ಗಾಯ ಮಾಯಬೇಕಾದ ಹೊತ್ತಿಗೆ, ಗುಳ್ಳೆಗಳೆದ್ದವು. ಎಲ್ಲರಿಗೂ ಬಳಸಿದ್ದು ಮೊದಲೇ ಬೆರೆಸಿಟ್ಟ ಬೂದು ಶಾಯಿ. ಮೈಕೋಬ್ಯಾಕ್ಟೀರಿಯಂ ಚೆಲೋನೆ ಎಂಬ, ಕ್ಷಯದ ರೋಗಾಣುವಿನ ದೂರದ ಬಳಗದ ಬ್ಯಾಕ್ಟೀರಿಯಾ ರೋಗಿಗಳ ಚರ್ಮದಲ್ಲಿ ಮಾತ್ರವಲ್ಲ, ಸೀಲು ತೆಗೆಯದ ಶಾಯಿ ಬಾಟಲಿಯಲ್ಲೂ ಸಿಕ್ಕಿತು. ಸಾಮಾನ್ಯವಾಗಿ ಕೊಡುವ ಹಲವು ಆಂಟಿಬಯಾಟಿಕ್‌ಗಳಿಗೆ ಇದು ಜಗ್ಗುವುದಿಲ್ಲ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ 75 ಶಾಯಿಗಳ ಪೈಕಿ 26ರಲ್ಲಿ ಬ್ಯಾಕ್ಟೀರಿಯಾ ಇತ್ತು. ಹೊಸ ಸೂಜಿ, ಕೈಗವಸು, ಚೊಕ್ಕಟವಾದ ಅಂಗಡಿ ಇದ್ದರೆ ಸಾಕು ಎನ್ನುವವರಿಗೆ ಇದೇ ಉತ್ತರ: ಅವೆಲ್ಲ ಬೇಕೇ ಬೇಕು, ಆದರೆ ಸಾಲದು.

ಅಲರ್ಜಿಯ ನಡೆ ಬೇರೆ. ಅದು ವಾರಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ತಲೆಯೆತ್ತುತ್ತದೆ; ಹೆಚ್ಚಾಗಿ ಒಂದೇ ಬಣ್ಣದ ಭಾಗ ಉಬ್ಬಿ ತುರಿಸುತ್ತದೆ, ಪಕ್ಕದ ಕಪ್ಪು ಗೆರೆ ತಣ್ಣಗಿರುತ್ತದೆ. ಅತಿ ಹೆಚ್ಚು ಕಾಡುವುದು ಕೆಂಪು ಬಣ್ಣ. ಇಲ್ಲಿ ಚರ್ಮತಜ್ಞರು ಕೊಡುವ ಮದ್ದು ಸ್ಟೀರಾಯ್ಡ್. ಅದು ನಿರೋಧಕ ಶಕ್ತಿಯನ್ನು ತಗ್ಗಿಸಿ ಊತ ಇಳಿಸುತ್ತದೆ. ಇದೇ ಸ್ಟೀರಾಯ್ಡನ್ನು ಸೋಂಕಿನ ಮೇಲೆ ಹಚ್ಚಿದರೆ ಎರಡು ದಿನ ಕೆಂಪು ಮಾಸಿ ವಾಸಿಯಾದಂತೆ ಕಾಣುತ್ತದೆ, ಒಳಗೆ ಬ್ಯಾಕ್ಟೀರಿಯಾಕ್ಕೆ ತಡೆಯೇ ಇರುವುದಿಲ್ಲ. ನಮ್ಮಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಾಗೆಯೇ, ಅಲರ್ಜಿಯೆದ್ದ ಟ್ಯಾಟೂವನ್ನು ಲೇಸರಿನಿಂದ ಅಳಿಸಲು ಆತುರಪಡಬಾರದು. ಕಣಗಳು ಒಡೆದು ಹರಡಿ ಮೈಯೆಲ್ಲ ಅಲರ್ಜಿಯೇಳುವ ಅಪಾಯವಿದೆ.

ಅಜ್ಜಿಯರ ಕೈ ತುಂಬ ಹಚ್ಚೆ ಇತ್ತು, ಅವರಿಗೇನಾಯಿತು ಎಂದು ಕೇಳಬಹುದು. ಊರೂರು ತಿರುಗಿ ಹಚ್ಚೆ ಹೊಯ್ಯುತ್ತಿದ್ದವರು ಬಳಸಿದ್ದು ಮುಖ್ಯವಾಗಿ ಮಸಿ; ಇಂದಿನ ಕೆಂಪು, ಹಳದಿಗಳಲ್ಲಿ ಹಲವು ಪೇಂಟು, ಪ್ಲಾಸ್ಟಿಕ್‌ಗಳಿಗೆಂದು ತಯಾರಾದ ರಾಸಾಯನಿಕಗಳು. ಅಂದು ಕೈ ಕೀವಾದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನಮಗೆ ಕಾಣುವುದು ಮಾಯ್ದ ಹಚ್ಚೆ ಮಾತ್ರ. ಮೊದಲೇ ಒಂದು ಚುಕ್ಕಿ ಹಾಕಿಸಿ ನೋಡಿದರೆ ಸಾಕಲ್ಲವೇ ಎಂಬುದು ಇನ್ನೊಂದು ವಾದ. ವರ್ಷಗಳ ನಂತರ ಏಳಬಹುದಾದ ಅಲರ್ಜಿಯನ್ನು ವಾರದ ಪರೀಕ್ಷೆ ಹಿಡಿಯಲಾರದು.

ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಶಾಯಿಯಲ್ಲಿನ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಕರ್ನಾಟಕದ ಆರೋಗ್ಯ ಸಚಿವರು 2025ರಲ್ಲಿ ಶಾಯಿಯ ಲೋಹಾಂಶದ ಬಗ್ಗೆ ಎಚ್ಚರಿಸಿ, ಕೇಂದ್ರದಿಂದ ನಿಯಮ ಬೇಕೆಂದರು. ನಿಯಮ ಬಂದಾಗ ಬರಲಿ. ಹಾಕಿಸಿಕೊಳ್ಳುವವರು ಇಂದೇ ಮಾಡಬಹುದಾದ ಕೆಲಸವಿದೆ. ಹಾಕಿಸಿದ ದಿನ, ಶಾಯಿಯ ಹೆಸರು, ಬಾಟಲಿಯ ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಗಾಯವನ್ನು ಸೋಪು, ಶುದ್ಧ ನೀರಿನಿಂದ ಮೆಲ್ಲಗೆ ತೊಳೆಯಿರಿ. ಮಾಯುವ ತನಕ ಕೆರೆ, ಸಮುದ್ರ, ಈಜುಕೊಳ ಬೇಡ. ದಿನಕ್ಕೊಂದು ಫೋಟೊ ತೆಗೆಯಿರಿ. ಎರಡು ವಾರ ಕಳೆದರೂ ಗುಳ್ಳೆ ಇಳಿಯದಿದ್ದರೆ ಇವಿಷ್ಟನ್ನೂ ಚರ್ಮತಜ್ಞರ ಮುಂದಿಟ್ಟು, ಚರ್ಮದ ಚೂರು ತೆಗೆದು ಪರೀಕ್ಷಿಸಬೇಕೇ ಎಂದು ಕೇಳಿ. ಜ್ವರ, ಕೀವು, ಹರಡುವ ಕೆಂಪು ಕಂಡರೆ ಮಾತ್ರ ಎರಡು ವಾರ ಇರಲಿ, ಎರಡು ದಿನವೂ ಕಾಯಬೇಡಿ.