ಮಗ್‌ನ ಮೇಲಿನ ಚಿತ್ರ: ಹಕ್ಕು ಯಾರದು?

ಇತ್ತೀಚೆಗೆ ಕಡೂರಿನ ವರ್ತಕ ಮಿತ್ರರೊಬ್ಬರು ಪಿಂಗಾಣಿ ಮಗ್ ಒಂದನ್ನು ನನ್ನ ಮೇಜಿನ ಮೇಲಿರಿಸಿ, ‘ಸಾರ್, ಇದೇ ಚಿತ್ರ ಹಾಕಿಸಿ ನಾವೂ ಮಾರಬಹುದೇ?’ ಎಂದು ಕೇಳಿದರು. ಅದರ ಮೇಲಿದ್ದುದು ಜಿರಾಫೆಯ ಪ್ರಾಚೀನ ಚೀನೀ ಚಿತ್ರ. 1414ರಲ್ಲಿ ಬಂಗಾಳದ ಸುಲ್ತಾನನು ಮಿಂಗ್ ಚಕ್ರವರ್ತಿ ಯೊಂಗ್ಲೆಗೆ ಕಾಣಿಕೆಯಾಗಿ ಕಳುಹಿಸಿದ ಪ್ರಾಣಿಯದು.

ಕಾನೂನಿನ ಉತ್ತರ ಸರಳ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರಕಾರನು ಮರಣಿಸಿ 60 ವರ್ಷಗಳು ಕಳೆದ ಮೇಲೆ ಹಕ್ಕು ಉಳಿಯುವುದಿಲ್ಲ. ಆದರೆ ಆ ಚಿತ್ರದ ಛಾಯಾಚಿತ್ರಕ್ಕೆ ಪ್ರತ್ಯೇಕ ಹಕ್ಕು ಇರಬಹುದಾದ್ದರಿಂದ, ಅಂತರ್ಜಾಲದಿಂದ ಇಳಿಸಿಕೊಳ್ಳುವ ಮುನ್ನ ಬಳಕೆಯ ಷರತ್ತುಗಳನ್ನು ಓದುವುದು ಅವಶ್ಯ.

ವ್ಯಾಪಾರದ ಉತ್ತರ ಅಷ್ಟು ಸರಳವಲ್ಲ. ನಮಗೆ ಮುಕ್ತವಾದ ಚಿತ್ರ ಎದುರಂಗಡಿಯವರಿಗೂ ಮುಕ್ತ. ಅಲ್ಲಿ ಉಳಿಯುವುದು ಬೆಲೆಯ ಪೈಪೋಟಿ ಮಾತ್ರ. ಅದರಲ್ಲಿ ಸಣ್ಣ ಉತ್ಪಾದಕರು ಗೆಲ್ಲುವುದು ಕಷ್ಟ.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಹೊಯ್ಸಳ ದೇಗುಲವಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರವಿದೆ. ಸ್ಥಳೀಯ ಕಲಾವಿದರಿಂದ ಇಂತಹವುಗಳ ಹೊಸ ಚಿತ್ರ ಬರೆಯಿಸಿ, ಹಕ್ಕನ್ನು ಲಿಖಿತವಾಗಿ ಪಡೆದು, 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ 10 ವರ್ಷ, ವಿಸ್ತರಿಸಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಆದರೆ ಮಗ್ ಮಾರುಕಟ್ಟೆಗೆ ಬರುವ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು. ನೋಂದಾಯಿಸದೆ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಪ್ರತಿಗಳನ್ನು ತಯಾರಿಸಿದಲ್ಲಿ, ಕೃತಿಸ್ವಾಮ್ಯ ಕಾಯಿದೆಯ 15ನೇ ಕಲಮಿನಂತೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ.

ಇಷ್ಟನ್ನೂ ಕೇಳಿದ ಮಿತ್ರರು, ‘ಹಾಗಾದರೆ ಮೊದಲು ಐವತ್ತೇ ಮಾಡಿಸಿ ಮಾರಿ ನೋಡೋಣವೇ?’ ಎಂದರು. ‘ಮೊದಲು ಅರ್ಜಿ, ಆಮೇಲೆ ಮಾರಾಟ’ ಎಂದೆ.