ಕ್ರೈಸ್ತಸಭೆಯಲ್ಲಿ ಅಭಿಪ್ರಾಯಭೇದ ಪರಿಹಾರ

ಸಹೋದರನು ತಪ್ಪುಮಾಡಿದರೆ ಮೊದಲು ಏಕಾಂತದಲ್ಲಿಯೂ, ಬಳಿಕ ಸಾಕ್ಷಿಗಳೊಡನೆಯೂ, ಕಡೆಗೆ ಸಭೆಯ ಮುಂದೆಯೂ ತಿಳಿಸತಕ್ಕುದೆಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವು ವಿಧಿಸುತ್ತದೆ. ಆದರೆ ತಪ್ಪು ಯಾರದೂ ಅಲ್ಲದೆ ನಂಬಿಕೆಯೇ ಭಿನ್ನವಾದಾಗ ಮಾಡುವುದೇನು? ದಕ್ಷಿಣ ಇಂಡಿಯಾ ಸಭೆಯ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಬಿಷಪ್ಪರಿಂದ ಗುರುದೀಕ್ಷೆ ಹೊಂದದವರನ್ನು ಸಭಾಪಾಲಕರೆಂದು ಒಪ್ಪಬಹುದೆ ಎಂಬ ಪ್ರಶ್ನೆಯು 1919ರಲ್ಲಿ ಆರಂಭವಾದ ಐಕ್ಯದ ಮಾತುಕತೆಯನ್ನು ಬಹುಕಾಲ ತಡೆಯಿತು. 1947ರ ಐಕ್ಯದಲ್ಲಿ ಹಿಂದಿನ ಸಭಾಪಾಲಕರನ್ನು ಮರುದೀಕ್ಷೆಯಿಲ್ಲದೆ ಅಂಗೀಕರಿಸಿದರು. ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗತಕ್ಕವೆಂದು ಗೊತ್ತುಮಾಡಿದರು. ಮನಸ್ಸಾಕ್ಷಿಗೆ ಒಗ್ಗದ ಸಭಾಪಾಲಕನನ್ನು ಯಾವ ಸಭೆಯ ಮೇಲೆಯೂ ಹೇರುವುದಿಲ್ಲವೆಂದು ಮಾತುಕೊಟ್ಟರು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು ಆಗಲೇ ಕೂಡಿದುವು. ಗದಗಕ್ಕೆ ನೆರೆಯಾದ ಬೆಟಗೇರಿಯ ಬಾಸೆಲ್ ಮಿಶನ್ ಸಭೆಯು ಅನಂತರ ಸೇರಿತು.

ಅಪರಾಧಕ್ಕೆ ವಿಚಾರಣೆಯು ಬೇಕು. ನಂಬಿಕೆಯ ಭೇದಕ್ಕೆ ಕಾಲಾವಕಾಶವೂ ಬಲಾತ್ಕಾರವಿಲ್ಲದ ಒಡಂಬಡಿಕೆಯೂ ಬೇಕೆಂಬುದು ಇದರಿಂದ ವಿದಿತವಾಗುತ್ತದೆ.